ಡಿಸ್ಪ್ಲೇ ಬೆಳಗಿತು, ಮೌರಿ ಹೋಯಿತು

ಹೋದ ಗಣೇಶನ ಹಬ್ಬಕ್ಕೆ ಹದಿನೈದು ದಿನ ಇರುವಾಗ ಒಂದು ಕೀಬೋರ್ಡು ನನ್ನ ರಿಪೇರಿ ಬೆಂಚಿಗೆ ಬಂತು. 1990ರ ಆಸುಪಾಸಿನ ಜಪಾನಿ ಮಾಲು. ತಂದವರು ಆರ್ಕೆಸ್ಟ್ರಾದಲ್ಲಿ ತಲೆ ನರೆಸಿಕೊಂಡ ಮೇಷ್ಟ್ರು. ಜಾಬ್ ಕಾರ್ಡಿನಲ್ಲಿ ಕೌಂಟರ್ ಹುಡುಗ ಬರೆದದ್ದು ಎರಡೇ ಪದ: ‘ಡಿಸ್ಪ್ಲೇ ಡೆಡ್’.

ಡೆಡ್ ಏನೂ ಆಗಿರಲಿಲ್ಲ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಅಕ್ಷರ ಕಾಣ್ತಿದ್ದವು. ಹೋಗಿದ್ದು ಹಿಂದಿನ ಬೆಳಕು. ಆ ಕಾಲದ ಸುಮಾರು ಕೀಬೋರ್ಡುಗಳಲ್ಲಿ ಇರೋದು ಇಎಲ್ ಶೀಟು, ಕರೆಂಟು ಕೊಟ್ಟರೆ ತಾನೇ ಬೆಳಗೋ ಕಾಗದದಷ್ಟು ತೆಳ್ಳಗಿನ ಹಾಳೆ. ಒಂದು ಪುಟ್ಟ ಇನ್ವರ್ಟರ್ ಅದಕ್ಕೆ ಹೆಚ್ಚುಕಮ್ಮಿ 100 ವೋಲ್ಟ್ ಎ.ಸಿ. ಕೊಡುತ್ತೆ. ಉರಿದಷ್ಟೂ ಅದರಲ್ಲಿ ಬೆಳಗೋ ಫಾಸ್ಫರ್ ಸವೆದು ಕೊನೆಗೆ ಬೆಳಕು ಹೋಗಿ ‘ಕೀಂ’ ಅನ್ನೋ ಸದ್ದೊಂದೇ ಉಳಿಯುತ್ತೆ. 1983ರ ಯಮಹಾ ಡಿಎಕ್ಸ್7 ಕೀಬೋರ್ಡಿಗಂತೂ ಬ್ಯಾಕ್‌ಲೈಟೇ ಇರಲಿಲ್ಲ, ಅದನ್ನೂ ನುಡಿಸಿದ ಪುಣ್ಯಾತ್ಮರಿದ್ದಾರೆ.

ಹೊಸ ಇಎಲ್ ಶೀಟು ತರಿಸೋಣ ಅಂದೆ. ಓನರ್ರು, “40 ಇಂಟು 2 ಎಲ್‌ಇಡಿ ಮಾಡ್ಯೂಲು ಎರಡು ವರ್ಷದಿಂದ ಸ್ಟಾಕಲ್ಲಿ ಕೊಳೀತಾ ಇದೆ, ಅದನ್ನೇ ಹಾಕಪ್ಪಾ” ಅಂದರು. ಅಂದರೆ 40 ಅಕ್ಷರದ ಎರಡು ಸಾಲಿನ ಡಿಸ್ಪ್ಲೇ. ಹಳೇದು ಹೊಸದು ಎರಡೂ ಹಿಟಾಚಿಯ ಎಚ್‌ಡಿ44780 ಕಂಟ್ರೋಲರ್ ಚಿಪ್ಪಿನ ಜಾತಿಯವು, ಕೂಡುತ್ತೆ. ಕೆಲವು ಮಾಡ್ಯೂಲುಗಳಲ್ಲಿ 1 ಮತ್ತು 2ನೇ ಪಿನ್ನು ಅದಲುಬದಲು ಇರುತ್ತೆ. ಮೀಟರ್ ಇಟ್ಟು ನೋಡಿಕೊಂಡೆ. ಇನ್ವರ್ಟರ್ ಕಿತ್ತು ಪಕ್ಕಕ್ಕಿಟ್ಟೆ. ಎಲ್‌ಇಡಿಗೆ ರೆಸಿಸ್ಟರ್ ಲೆಕ್ಕ ಹಾಕಿದೆ. ಇಷ್ಟೆಲ್ಲ ಜಾಣತನ ಇತ್ತು ಅಂತ ದಾಖಲಾಗಲಿ, ಯಾಕಂದ್ರೆ ಮುಂದೆ ಮಾನ ಉಳಿಯಲ್ಲ.

ಡಿಸ್ಪ್ಲೇ ಕೈಗೆ ಸಿಗಬೇಕಂದ್ರೆ ಮೇನ್ ಬೋರ್ಡು ಎತ್ತಲೇಬೇಕು. ಎತ್ತಿದ ಬೋರ್ಡನ್ನು ಕಪ್ಪು ಫೋಮಿನ ಮೇಲೆ ಮಲಗಿಸಿ ಮನೆಗೆ ಹೋದೆ. ಐಸಿಗಳನ್ನು ಚುಚ್ಚಿಟ್ಟು ಕಳಿಸ್ತಾರಲ್ಲ, ಆ ಫೋಮು. ಸ್ಟ್ಯಾಟಿಕ್ ಕರೆಂಟು ತಡೆಯೋ ಇಎಸ್‌ಡಿ ಮ್ಯಾಟ್ ಕೊಡಿಸಿ ಅಂತ ಕೇಳಿ ಮೂರು ವರ್ಷ ಆಯ್ತು. ಓನರ್ರು ಪ್ಯಾಕಿಂಗಿನ ಫೋಮು ಕೂಡಿಟ್ಟು “ಇದೂ ಅದೇ ತಾನೆ” ಅಂದಿದ್ದರು. ನನಗೂ ಹೌದು ಅನಿಸಿತ್ತು. ಸ್ಟ್ಯಾಟಿಕ್ ಬಗ್ಗೆ ಹೊಸ ಹುಡುಗರಿಗೆ ಭಾಷಣ ಬಿಗಿಯೋನು ನಾನೇ.

ಮಾರನೇ ದಿನ ಸಂಜೆ ಐದಕ್ಕೆ ಜೋಡಿಸಿ ಸ್ವಿಚ್ ಹಾಕಿದೆ. ಎಂಥಾ ಬೆಳಕು! ಹುಡುಗರನ್ನೆಲ್ಲ ಕರೆದು ತೋರಿಸಿದೆ. ಕಾಂಟ್ರಾಸ್ಟ್ ಪ್ರಿಸೆಟ್ ತಿರುಗಿಸಿದ ಮೇಲೆ ನೋಡಿದರೆ ಸೌಂಡಿನ ಹೆಸರು ಇರಬೇಕಾದ ಕಡೆ ಜಪಾನಿ ಅಕ್ಷರ.

“ಡಿ7 ಲೂಸು” ಅಂದೆ, ಒಂದು ಕ್ಷಣ ಯೋಚಿಸದೆ. ಆ ಕಂಟ್ರೋಲರಿನ ಅಕ್ಷರಪಟ್ಟಿಯಲ್ಲಿ ಕೆಳಗಿನ ಅರ್ಧ ಇಂಗ್ಲಿಷು, ಮೇಲಿನ ಅರ್ಧದಲ್ಲಿ ಜಪಾನಿನ ಕಟಕಾನಾ ಲಿಪಿ. ಎಂಟನೇ ಡೇಟಾ ಲೈನು, ಅಂದರೆ ಡಿ7, ಸದಾ ಆನ್ ಆಗೇ ನಿಂತುಬಿಟ್ಟರೆ ‘ಎ’ ಬರಬೇಕಾದಲ್ಲಿ ‘ಚಿ’ ಬರುತ್ತೆ. ಮೇಷ್ಟ್ರು ಆರೂವರೆಗೆ ಬರ್ತೀನಿ ಅಂದಿದ್ದರು. ಡಿ7 ಮತ್ತೆ ಬೆಸುಗೆ ಹಾಕಿದೆ. ಅದೇ ಜಪಾನಿ. ಎಂಟೂ ಲೈನು ಹೊಸದಾಗಿ ಎಳೆದೆ. ಅದೇ ಜಪಾನಿ. ಐರನ್ ಹಿಡಿದ ಕೈ ಬೆವೆತು ಜಾರ್ತಿತ್ತು. ಡಿ7 ನಿಜವಾಗಿ ಕೆಟ್ಟಿದ್ದರೆ ಡಿಸ್ಪ್ಲೇ ಇನಿಷಿಯಲೈಸೇ ಆಗ್ತಿರಲಿಲ್ಲ, ಅಂದರೆ ಕೆಲಸಕ್ಕೇ ತಯಾರಾಗ್ತಿರಲಿಲ್ಲ, ಮೇಲಿನ ಸಾಲಲ್ಲಿ ಕಪ್ಪು ಚೌಕಗಳು ನಿಂತಿರ್ತಿದ್ದವು. ಇದನ್ನು ನಾನೇ ಎಷ್ಟು ಜನಕ್ಕೆ ಹೇಳಿಕೊಟ್ಟಿಲ್ಲ? ಆವತ್ತು ಮಾತ್ರ ತಲೆಗೆ ಬರಲಿಲ್ಲ.

ಕಂಡುಹಿಡಿದದ್ದು ಕೌಂಟರ್ ಹುಡುಗ. “ಅಣ್ಣಾ, ಮೆನು ಎಲ್ಲ ಸರಿಯಾಗೇ ಇಂಗ್ಲಿಷಲ್ಲಿ ಇದೆಯಲ್ಲ, ಹೆಸರು ಮಾತ್ರ ಯಾಕೆ ಹಂಗೆ?”

ಮೆನು ಬರೋದು ರಾಮ್‌ನಿಂದಲ್ಲ, ಕರೆಂಟಿಲ್ಲದಿದ್ದರೂ ಅಳಿಯದ ರೋಮ್‌ನಿಂದ. ಹೆಸರು, ಸೌಂಡು ಎರಡೂ ಇರೋದು ಬ್ಯಾಟರಿ ಮೇಲೆ ಬದುಕಿರೋ ರಾಮ್‌ನಲ್ಲಿ. ಓಡಿ ಕಾಯಿನ್ ಸೆಲ್ಲಿಗೆ ಮೀಟರ್ ಇಟ್ಟೆ: 2.9 ವೋಲ್ಟ್. ಸೆಲ್ ಚೆನ್ನಾಗಿದೆ ಅಂತ ಎರಡು ನಿಮಿಷ ಸಮಾಧಾನ ಮಾಡಿಕೊಂಡೆ. ಆಮೇಲೆ ಕಣ್ಣು ಫೋಮಿನ ಮೇಲೆ ಬಿತ್ತು. ಸ್ಟ್ಯಾಟಿಕ್ ತಡೆಯೋ ಕಪ್ಪು ಫೋಮು ಅಂದ್ರೆ ಕರೆಂಟು ಹರಿಯೋ ಫೋಮು! ಸೆಲ್ಲಿನಿಂದ ರಾಮ್‌ಗೆ ಹೋಗೋ ದಾರಿಯಲ್ಲಿ ಒಂದು ರೆಸಿಸ್ಟರ್ ಇದೆ. ರಾತ್ರಿಯಿಡೀ ಫೋಮು ರೆಸಿಸ್ಟರಿನ ರಾಮ್ ಕಡೆಯಿಂದ ಕರೆಂಟು ಎಳೆದಿದೆ, ವೋಲ್ಟೆಲ್ಲ ರೆಸಿಸ್ಟರಲ್ಲೇ ಕಳೆದು ರಾಮ್‌ಗೆ ಸಾಕಷ್ಟು ವೋಲ್ಟ್ ತಲುಪಿಲ್ಲ. ಬೋರ್ಡು ಎತ್ತಿದ ಮೇಲೆ ಸೆಲ್ ಮತ್ತೆ ಸಂಭಾವಿತನ ಹಾಗೆ 2.9 ತೋರಿಸ್ತಿದೆ.

ಮೇಷ್ಟ್ರು ಬಂದರು. ಬೆಳಕು ನೋಡಿ “ಪರವಾಗಿಲ್ವೇ” ಅಂತ ನಕ್ಕರು. ನಾನು ವಿಷಯ ಹೇಳಿದೆ. ಕಂಪನಿ ಸೌಂಡುಗಳನ್ನು ವಾಪಸ್ ಹಾಕಿಕೊಡ್ತೀನಿ ಮೇಷ್ಟ್ರೇ ಅಂದೆ. ಅವರು ಸ್ಟೂಲಿನ ಮೇಲೆ ಕೂತು, “ನನ್ನ ಮೌರಿ?” ಅಂದರು.

ಮೌರಿ, ಕಂಸಾಳೆ, ತಮಟೆ. ಯಾವ ಕಂಪನಿಯೂ ಕೊಡದ ಸೌಂಡುಗಳು, ಒಂದೊಂದನ್ನೂ ಅವರೇ ರಾತ್ರಿ ಕೂತು ಕಟ್ಟಿದ್ದು. ಬೈದಿದ್ದರೆ ಹಗುರ ಆಗ್ತಿತ್ತು, ಬೈಯಲಿಲ್ಲ. ಚೀಟಿ ಕೊಡಪ್ಪಾ ಅಂತ ಕೇಳಿ, ನೆನಪಿದ್ದ ಹೆಸರುಗಳನ್ನು ಬರೆಯೋಕೆ ಶುರುಮಾಡಿದರು. ಇಪ್ಪತ್ತೆರಡು ಆದವು.

ಓನರ್ರಿಗೆ ಹೇಳಿದರೆ “ಡೇಟಾಕ್ಕೆ ನಾವು ಜವಾಬ್ದಾರರಲ್ಲ ಅಂತ ಬಿಲ್ಲಿನ ಹಿಂದೆ ಹಾಕ್ಸಿದೀವಲ್ಲ” ಅಂದರು. ಹಾಕ್ಸಿದ್ದಾರೆ, ಇರುವೆ ಸಾಲಿನಂಥ ಇಂಗ್ಲಿಷಲ್ಲಿ. ಮಾಡ್ಯೂಲಿನ ದುಡ್ಡನ್ನೂ ಪೂರ್ತಿ ತಗೊಂಡರು.

ಎರಡು ಭಾನುವಾರ ಮೇಷ್ಟ್ರು ನನ್ನ ಬೆಂಚಿನ ಪಕ್ಕ ಕೂತರು. ಅವರು ಬಾಯಲ್ಲಿ ನುಡಿಸೋದು, ನಾನು ಫಿಲ್ಟರ್ ತಿರುಗಿಸೋದು. ಒಂಬತ್ತು ವಾಪಸ್ ಬಂದವು. ಮೌರಿ ಹತ್ತಿರಕ್ಕೆ ಬಂತು ಅಂತ ನಾನು ಬೀಗ್ತಿದ್ದರೆ, “ಇದು ಮದುವೆ ಮನೆ ಮೌರಿ ಕಣಪ್ಪ, ನಂದು ಜಾತ್ರೇದು” ಅಂದರು.

ಹೊಟ್ಟೆ ಉರಿಯೋದು ಲೆಕ್ಕ ಹಾಕಿದಾಗ. ಕೀಬೋರ್ಡಿನಿಂದ ಡೇಟಾ ಹೊರಗೆ ಕಳಿಸೋ ಮಿಡಿ ಸಂಪರ್ಕದ ವೇಗ ಸೆಕೆಂಡಿಗೆ 31,250 ಬಿಟ್, ಅಂದರೆ ಮೂರು ಸಾವಿರ ಬೈಟಿನ ಮೇಲೆ ಸ್ವಲ್ಪ. 32 ಕೆಬಿ ಮೆಮೊರಿ ಸಿಸ್‌ಎಕ್ಸ್ ಡಂಪ್ ಮಾಡೋಕೆ, ಅಂದರೆ ಮಿಡಿ ಮೂಲಕ ಪೂರ್ತಿ ಕಾಪಿ ತೆಗೆದಿಡೋಕೆ, 15 ಸೆಕೆಂಡೂ ಹಿಡಿಯಲ್ಲ. ಡಿಸ್ಪ್ಲೇ ಕಾಣಲ್ಲ, ಡಂಪ್ ಹೇಗೆ ಮಾಡೋದು ಅನ್ನೋ ನೆಪವೂ ನನಗಿಲ್ಲ, ಟಾರ್ಚ್ ಹಿಡಿದು ಓದಿದ್ದೆನಲ್ಲ.

ಜಾಬ್ ಕಾರ್ಡಿನಲ್ಲಿ ‘ಡಂಪ್ ತೆಗೆದಾಯ್ತಾ’ ಅಂತ ಒಂದು ಕಾಲಂ ಹಾಕ್ಸಿ ಅಂದೆ. ಹಳೇ ಕಾರ್ಡು ಇನ್ನೂ ಮೂರು ಬಂಡಲ್ ಇವೆಯಂತೆ, ಮುಗಿಯಲಿ ಅಂದರು. ಅಲ್ಲಿವರೆಗೆ ಬೆಳಿಗ್ಗೆ ಬಂದ ತಕ್ಷಣ ಕೌಂಟರ್ ಹುಡುಗ ಪ್ರತಿ ಕಾರ್ಡಿನ ಮೂಲೆಯಲ್ಲೂ ಕೆಂಪು ಪೆನ್ನಲ್ಲಿ ‘ಮೌರಿ?’ ಅಂತ ಬರೆದಿಡ್ತಾನೆ.