ಗುನ್ಯಾ ಕೊಳ್ಳುವಾಗ ನಾನು ನೋಡುವುದೇನು

ಕಲಬುರಗಿಯಲ್ಲಿ ಬಾಗಿಲು, ಕಿಟಕಿ, ಕಪಾಟು ತಯಾರಿಸುವ ನಮ್ಮ ಕಾರ್ಖಾನೆಗೆ ಅಳತೆಯ ಸಾಮಾನು ಕೊಳ್ಳುವ ಹೊಣೆ ನನ್ನದು. ಯಂತ್ರ ಕೊಳ್ಳುವಾಗ ಹತ್ತು ಕಡೆ ವಿಚಾರಿಸುವವರೂ, ಮೂಲೆ 90 ಡಿಗ್ರಿ ಇದೆಯೇ ಎಂದು ನೋಡುವ L ಆಕಾರದ ಸಾಧನವಾದ ಗುನ್ಯಾ ಎಂದರೆ ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಬರುತ್ತಾರೆ. ಕಟಿಂಗ್ ಯಂತ್ರದ ಅಲಗನ್ನು ಹೊಂದಿಸುವುದು ಅದೇ ಗುನ್ಯಾದಿಂದ ಆದ್ದರಿಂದ, ಅದರ ದೋಷ ಆ ಯಂತ್ರದಿಂದ ಹೊರಬರುವ ಪ್ರತಿಯೊಂದು ಹಲಗೆಗೂ ಇಳಿಯುತ್ತದೆ.

ಅಂಗಡಿಗೆ ಹೋಗುವಾಗ, ಒಂದು ಅಂಚನ್ನು ನೇರವಾಗಿ ರಂದಾ ಹೊಡೆದ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ತುಂಡನ್ನೂ ಹರಿತವಾದ ಚಾಕುವನ್ನೂ ಒಯ್ಯುತ್ತೇನೆ. ಗುನ್ಯಾದ ಹಿಡಿಯನ್ನು ಆ ಅಂಚಿಗೆ ಒತ್ತಿ, ಅದರ ಅಲಗಿನ (ತೆಳು ಪಟ್ಟಿಯ) ಉದ್ದಕ್ಕೂ ಚಾಕುವಿನಿಂದ ಒಂದು ಗೀರು ಎಳೆಯಬೇಕು. ನಂತರ ಗುನ್ಯಾವನ್ನು ಮಗುಚಿ, ಅದೇ ಬಿಂದುವಿನಿಂದ ಇನ್ನೊಂದು ಗೀರು ಎಳೆಯಬೇಕು. ಎರಡೂ ಒಂದರ ಮೇಲೊಂದು ಕೂತರೆ ಮೂಲೆ 90 ಡಿಗ್ರಿ ಇದೆ. ತುದಿಯಲ್ಲಿ ಕವಲೊಡೆದರೆ, ನಿಜವಾದ ದೋಷ ಆ ಅಂತರದ ಅರ್ಧ. 150 ಮಿ.ಮೀ. ಅಲಗಿನ ತುದಿಯಲ್ಲಿ ಅರ್ಧ ಮಿ.ಮೀ. ಅಂತರ ಕಂಡರೆ ದೋಷ 0.25 ಮಿ.ಮೀ.; ಅದೇ ಓರೆ 900 ಮಿ.ಮೀ. ಅಗಲದ ಬಾಗಿಲಿನಲ್ಲಿ 1.5 ಮಿ.ಮೀ. ಆಗುತ್ತದೆ. ಅಲಗಿನ ಒಳ ಅಂಚು, ಹೊರ ಅಂಚು ಎರಡನ್ನೂ ಹೀಗೆ ನೋಡಬೇಕು, ಏಕೆಂದರೆ ಒಂದು ಸರಿಯಿದ್ದ ಮಾತ್ರಕ್ಕೆ ಇನ್ನೊಂದೂ ಸರಿಯಿರಬೇಕೆಂದಿಲ್ಲ. ಕಟ್ಟಿಗೆಯ ಹಿಡಿ ನೋಡಲು ಚೆಂದವೇ, ಆದರೆ ನಮ್ಮ ಬೇಸಿಗೆಯ ಒಣಗಾಳಿಗೆ ಸೊರಗಿ ಮಳೆಗಾಲದಲ್ಲಿ ಉಬ್ಬುವುದರಿಂದ, ಪೂರ್ತಿ ಉಕ್ಕಿನದನ್ನೇ ನಾನು ಆರಿಸುತ್ತೇನೆ. ನಾಲ್ಕು ಅಗ್ಗದ ಗುನ್ಯಾಗಳಿಗಿಂತ ಒಂದು ಒಳ್ಳೆಯದನ್ನು ಕೊಂಡು, ಉಳಿದವನ್ನು ಅದಕ್ಕೆ ತಾಳೆ ನೋಡುವುದು ಲೇಸು.

ಟೇಪಿಗೆ ಅಷ್ಟು ಹಣ ಸುರಿಯಬೇಕಿಲ್ಲ. ಯುರೋಪಿನ ಮಾನದಂಡದ ಕ್ಲಾಸ್ 2 ಟೇಪಿಗೆ 1 ಮೀಟರಿನಲ್ಲಿ 0.5 ಮಿ.ಮೀ. ಹೆಚ್ಚುಕಡಿಮೆಗೆ ಅವಕಾಶವಿದ್ದು, ಬಾಗಿಲ ಕೆಲಸಕ್ಕೆ ಅದು ಸಾಕು. ತುದಿಯ ಕೊಕ್ಕೆ ಅಲುಗುತ್ತದೆಂದು ಅದನ್ನು ಬಡಿದು ಬಿಗಿ ಮಾಡುವುದನ್ನು ಮಾತ್ರ ನಮ್ಮಲ್ಲಿ ಯಾರಿಗೂ ಬಿಡುವುದಿಲ್ಲ: ಹೊರಗಿನಿಂದ ಎಳೆದಾಗಲೂ ಒಳಗಿನಿಂದ ಒತ್ತಿದಾಗಲೂ ಅಳತೆ ಸರಿ ಬರಲೆಂದೇ ಅದು ತನ್ನ ದಪ್ಪದಷ್ಟು ಸರಿಯುವಂತೆ ಮಾಡಿರುತ್ತಾರೆ.

ಚೌಕಟ್ಟಿಗೆ ಅಂಟು ಹಚ್ಚಿ ಬಿಗಿದ ಮೇಲೆ ಸಣ್ಣ ಗುನ್ಯಾವನ್ನು ನೆಚ್ಚದೆ ಎರಡೂ ಕರ್ಣಗಳನ್ನು ಅಳೆಯುತ್ತೇವೆ. 2100 × 900 ಮಿ.ಮೀ. ಚೌಕಟ್ಟಿಗೆ ಎರಡೂ ಸುಮಾರು 2285 ಮಿ.ಮೀ. ಬರಬೇಕು. ಎರಡನ್ನೂ ಒಂದೇ ಟೇಪಿನಿಂದ ಅಳೆದರೆ, ಟೇಪಿನಲ್ಲೇ ತುಸು ದೋಷವಿದ್ದರೂ ಹೋಲಿಕೆ ಕೆಡುವುದಿಲ್ಲ.