ದಾವಣಗೆರೆಯಲ್ಲಿ ಉಪ್ಪುನೀರಿನ ಲೆಕ್ಕ

ನಮ್ಮ ದಾವಣಗೆರೆ ಬೇಸಿಗೆಯಲ್ಲಿ ನಾನು ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕ್ ನೋಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ. ನೀರು ಬದಲಾಯಿಸ್ತಾನೇ ಇರ್ತೀರಲ್ಲ, ಮತ್ತೆ ಕ್ಯಾಲ್ಸಿಯಂ ಬೇರೆ ಹಾಕೋದು ಯಾಕೆ?

ಒಳ್ಳೆ ಪ್ರಶ್ನೆ. ಆಲ್ಕಲಿನಿಟಿ, ಅಂದರೆ ಕ್ಯಾಲ್ಸಿಯಂ ಜೊತೆ ಸೇರಿ ಸುಣ್ಣವಾಗುವ ಕಾರ್ಬೊನೇಟ್ ಪ್ರಮಾಣ, 8ರಿಂದ 6 ಡಿಕೆಎಚ್‌ಗೆ (ಅದನ್ನು ಅಳೆಯುವ ಮಾನ) ಇಳಿದಿದೆ ಅಂದುಕೊಳ್ಳಿ. 8 ಇರುವ ಹೊಸ ನೀರನ್ನು ನೂರಕ್ಕೆ ಹತ್ತು ಭಾಗ ಹಾಕಿದರೆ ಏರುವುದು 6.2ಕ್ಕೆ ಮಾತ್ರ. ಕೊಳೆ, ನೈಟ್ರೇಟ್ ಕಮ್ಮಿ ಮಾಡಲು ನೀರು ಬದಲಾಯಿಸಲೇಬೇಕು. ಆದರೆ ಖರ್ಚಾದ ಖನಿಜವನ್ನೆಲ್ಲ ಅದೊಂದೇ ತುಂಬಿಕೊಡಲ್ಲ.

ಹಾಗಂತ ಎಲ್ಲರೂ ಖನಿಜ ದ್ರಾವಣದ ಬಾಟಲಿ ಹಿಡಿಯಬೇಕಿಲ್ಲ. ಕಲ್ಲಿನಂಥ ಗಟ್ಟಿ ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಅದು ಸಮುದ್ರದಲ್ಲೇ ಇರಲಿ. ನನ್ನಲ್ಲಿರುವುದು ಮೆದು ಹವಳ. ಅದಕ್ಕೆ ಕ್ಯಾಲ್ಸಿಯಂ ಅಷ್ಟಾಗಿ ಬೇಡ. ಕ್ಯಾಲ್ಸಿಯಂ ಎಳೆದುಕೊಳ್ಳುವುದು ಕಲ್ಲಿನ ಮೇಲೆ ಹಬ್ಬಿರುವ ಗುಲಾಬಿ ಬಣ್ಣದ ಪಾಚಿ. ಅದರ ಮೈಯೇ ಸುಣ್ಣ!

ಅದಕ್ಕೇ ಮೊದಲು ಆಲ್ಕಲಿನಿಟಿ ಅಳೆಯುವ ಟೆಸ್ಟ್ ಕಿಟ್. ಹನಿ ಹನಿಯಾಗಿ ಬಿಟ್ಟು, ಟ್ಯೂಬ್ ಅಲ್ಲಾಡಿಸಿ, ನೀಲಿ ಹೋಗಿ ಹಳದಿ ಬರುವವರೆಗೆ ಎಣಿಸುತ್ತೇನೆ. ಈ ಕೆಲಸ ನನಗೆ ತುಂಬಾ ಇಷ್ಟ. ನೀರು ಬದಲಾಯಿಸಿದ ಮೇಲೂ ಅಂಕಿ ಇಳಿಯುತ್ತಲೇ ಇದ್ದರೆ ಮಾತ್ರ ಡೋಸಿಂಗ್, ಅಂದರೆ ಬಾಟಲಿಯ ದ್ರಾವಣ ಅಳೆದು ಹಾಕುವುದು. ಕ್ಯಾಲ್ಸಿಯಂ, ಆಲ್ಕಲಿನಿಟಿ ಎರಡರ ದ್ರಾವಣವನ್ನೂ ಒಂದೇ ಜಾಗಕ್ಕೆ ಒಟ್ಟಿಗೆ ಸುರಿಯಬೇಡಿ. ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಹಾಕಿದ್ದು ಸುಣ್ಣವಾಗಿ ತಳ ಸೇರುತ್ತದೆ.

ಬಿಸಿಲಿಗೆ ಕಮ್ಮಿಯಾದ ನೀರಿಗೆ ಬರೀ ಆರ್‌ಓ ನೀರು ಸೇರಿಸಿ. ಆವಿಯಾಗುವುದು ನೀರು, ಉಪ್ಪಲ್ಲ ಅಲ್ವಾ?