ಶಿರಸಿ ರೋಬೋಟ್ ಸ್ಪರ್ಧೆಗೆ ವೈಫೈ ಕಾವಲು: ಮೂರನೇ ವಾರ

ಶಿರಸಿಯಲ್ಲಿ ನಾವು ನಡೆಸುವ ಮಕ್ಕಳ ರೋಬೋಟ್ ಸ್ಪರ್ಧೆಯಲ್ಲಿ ಯಾರ ವೈಫೈ ಆನ್ ಇದೆ ಅಂತ ಪತ್ತೆ ಮಾಡುವ ಪೆಟ್ಟಿಗೆ ಮಾಡುತ್ತಿದ್ದೇನೆ, ಇದು ಮೂರನೇ ವಾರ. ಕಳೆದ ಸಲದ ಸ್ಪರ್ಧೆಯಲ್ಲಿ ಕುಮಟಾದ ಮಕ್ಕಳ ರೋಬೋಟ್ ಅಂಕಣದ ನಡುವೆ ನಿಂತುಬಿಟ್ಟಿತ್ತು. ಬೆಳಗಾಗುವ ಮೊದಲೇ ಹೊರಟು ದೇವಿಮನೆ ಘಟ್ಟ ಹತ್ತಿ ಬಂದಿದ್ದ ಮಕ್ಕಳು. ಕೋಡ್ ಸರಿ ಇತ್ತು, ಬ್ಯಾಟರಿಯೂ ತುಂಬಿತ್ತು. ಹಾಲ್ ತುಂಬ ಆನ್ ಆಗಿದ್ದ ಹಾಟ್‌ಸ್ಪಾಟ್‌ಗಳ ಗದ್ದಲದಲ್ಲಿ ರೋಬೋಟ್‌ಗಳ ಜೊತೆ ವೈಫೈನಲ್ಲಿ ಮಾತಾಡುವ ನಮ್ಮ ರೌಟರ್ ಹೇಳಿದ್ದು ಅದಕ್ಕೆ ಕೇಳಿಸಲೇ ಇಲ್ಲ. ಆ ಮಕ್ಕಳ ಮುಖ ಇನ್ನೂ ಕಣ್ಣಮುಂದಿದೆ. ಸ್ವಂತ ವೈಫೈ ಹಾಕಬಾರದು ಅಂತ ನಿಯಮ ಇತ್ತು. ಯಾರು ಹಾಕಿದ್ದಾರೆ ಅಂತ ನೋಡುವ ದಾರಿ ಮಾತ್ರ ನಮ್ಮಲ್ಲಿರಲಿಲ್ಲ.

ಜಾಮರ್, ಅಂದರೆ ಸಿಗ್ನಲ್‌ಗಳನ್ನೇ ತಡೆಯುವ ಯಂತ್ರ, ಹಾಕಿಬಿಡಿ ಅಂತ ಒಬ್ಬರು ಹೇಳಿದರು. ಸರ್ಕಾರದ ಅನುಮತಿ ಇಲ್ಲದೆ ಅದನ್ನು ಬಳಸುವುದು ಕಾನೂನಿಗೆ ವಿರುದ್ಧ. ಹಾಕಿದರೆ ಮೊದಲು ನಿಲ್ಲುವುದೂ ನಮ್ಮ ರೋಬೋಟ್‌ಗಳೇ. ಹಾಗಾಗಿ ನಾನು ಮಾಡುತ್ತಿರುವುದು ಸುಮ್ನೆ ಕೇಳಿಸಿಕೊಳ್ಳುವ ಪೆಟ್ಟಿಗೆ.

ಒಳಗಿರುವುದು ಒಂದು ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಪುಟ್ಟ ಕಂಪ್ಯೂಟರ್), ಪುಟ್ಟ ಪರದೆ, ಪವರ್ ಬ್ಯಾಂಕ್. ಪ್ರತಿ ವೈಫೈ ಸೆಕೆಂಡಿಗೆ ಸುಮಾರು ಹತ್ತು ಸಲ 'ನಾನಿದ್ದೇನೆ' ಅಂತ ಒಂದು ಪುಟ್ಟ ಸಂದೇಶ, ಅಂದರೆ ಬೀಕನ್, ಕಳಿಸುತ್ತದೆ. ಹೆಸರು ಅಡಗಿಸಿಟ್ಟರೂ ಬೀಕನ್ ನಿಲ್ಲುವುದಿಲ್ಲ. ರೇಡಿಯೋ ಸ್ಟೇಷನ್‌ಗಳ ಹಾಗೆ ವೈಫೈಗೂ ಬೇರೆ ಬೇರೆ ಚಾನೆಲ್ ಇವೆ. ಬೋರ್ಡ್ ಒಂದೊಂದು ಚಾನೆಲ್‌ನಲ್ಲಿ ಕಾಲು ಸೆಕೆಂಡ್ ನಿಂತು ಮುಂದೆ ಹೋಗುತ್ತದೆ. 13 ಚಾನೆಲ್ ಸುತ್ತಲು ಮೂರು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಬೀಕನ್‌ನಲ್ಲಿ ಕಳಿಸಿದ ಸಾಧನದ ವಿಳಾಸವೂ ಇರುತ್ತದೆ, ನಮ್ಮ ಪಟ್ಟಿಯಲ್ಲಿಲ್ಲದ ವಿಳಾಸ ಕಂಡರೆ ಕೆಂಪು ದೀಪ ಹತ್ತುತ್ತದೆ.

ಶನಿವಾರ ಶಾಲೆಯ ಹಾಲ್‌ನಲ್ಲಿ ಮಕ್ಕಳ ಜೊತೆ ಪರೀಕ್ಷೆ ಮಾಡಿದೆ. ದೊಡ್ಡವರ ಮೊಬೈಲ್‌ಗಳೇ ತೊಂದರೆ ಅಂದುಕೊಂಡಿದ್ದೆ. ನೋಡಿದರೆ ಚಾನೆಲ್ 1ರಲ್ಲಿ ಒಂದರ ಮೇಲೊಂದು ಬಿದ್ದಿದ್ದವು ಮಕ್ಕಳ ರೋಬೋಟ್‌ಗಳೇ! ಉದಾಹರಣೆ ಕೋಡ್ ಹಾಗೇ ಹಾಕಿಕೊಂಡರೆ ಬೋರ್ಡ್ ತನ್ನದೇ ವೈಫೈ ತೆರೆಯುತ್ತದೆ. ಚಾನೆಲ್ ಹೇಳದಿದ್ದರೆ ಅದು 1ನ್ನೇ ಹಿಡಿಯುತ್ತದೆ. ನಮ್ಮ ರೌಟರ್ ಇದ್ದದ್ದೂ ಅಲ್ಲೇ. ಮಕ್ಕಳು ಕದ್ದು ಮಾಡಿದ್ದಲ್ಲ, ಅವರಿಗೆ ಗೊತ್ತೇ ಇರಲಿಲ್ಲ. ಇದು ತಿಳಿದ ಮೇಲೆ ನಿಯಮಗಳಿಂದ ದಂಡದ ಅಂಕ ಅನ್ನುವ ಸಾಲು ತೆಗೆದೆ. ಬದಲಿಗೆ ಅಂಕಣಕ್ಕೆ ಬರುವ ಮೊದಲು ಒಂದು ತಪಾಸಣೆ ಮೇಜು ಇಡುತ್ತೇವೆ. ಅಲ್ಲೇ ಕೂತು ಕೋಡ್ ಸರಿ ಮಾಡಿಕೊಡುತ್ತೇವೆ. ರೌಟರ್ ಚಾನೆಲ್ 11ಕ್ಕೆ ಹೋಯಿತು.

ಆ ವೈಫೈ ಎಲ್ಲಿದೆ ಅಂತ ಹುಡುಕುವುದು ಇನ್ನೊಂದು ಕೆಲಸ. ಪರದೆಯಲ್ಲಿ ಸಿಗ್ನಲ್ ಎಷ್ಟು ಜೋರಾಗಿದೆ ಅನ್ನುವ ಸಂಖ್ಯೆ ಮೈನಸ್ 80 ಇದ್ದದ್ದು ಹತ್ತಿರ ಹೋದಂತೆ ಮೈನಸ್ 40 ಆಗುತ್ತದೆ. ಆದರೆ ಗೋಡೆಗೆ ಬಡಿದು ಬರುವ ಅಲೆಗಳು ದಾರಿ ತಪ್ಪಿಸುತ್ತವೆ. ಇದಕ್ಕೆ ನಮ್ಮ ಮೈಯೇ ಸಹಾಯಕ್ಕೆ ಬಂತು. ದೇಹದ ನೀರು ನಮ್ಮ ವೈಫೈನ 2.4 ಗಿಗಾಹರ್ಟ್ಸ್ ಅಲೆಯನ್ನು ಚೆನ್ನಾಗಿ ಹೀರುತ್ತದೆ. ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ನಿಧಾನ ಸುತ್ತು ತಿರುಗಿದರೆ, ಸಿಗ್ನಲ್ ಯಾವಾಗ ತೀರಾ ಕುಗ್ಗುತ್ತದೋ ಆಗ ವೈಫೈ ಬೆನ್ನಿನ ಕಡೆ ಇದೆ ಅಂತ ಅರ್ಥ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಹೀಗೇ ತಿರುಗುತ್ತಾ ವೇದಿಕೆ ಹಿಂದಿನ ಪ್ರಿಂಟರ್ ಹಿಡಿದಳು. ಅದೂ ತನ್ನದೊಂದು ವೈಫೈ ತೆರೆದಿಟ್ಟುಕೊಂಡಿತ್ತು.

ಒಂದು ತಂಡ ಹಾಟ್‌ಸ್ಪಾಟ್‌ಗೆ ಕನ್ನಡದಲ್ಲೇ ಹೆಸರಿಟ್ಟಿತ್ತು. ನನಗೆ ತುಂಬಾ ಖುಷಿ ಆಯಿತು, ಆದರೆ ನನ್ನ ಪರದೆಯಲ್ಲಿ ಬರೀ ಕಸ.   ಕನ್ನಡ ಫಾಂಟ್ ಸೇರಿಸಲೇಬೇಕು.

ಈ ಬೋರ್ಡ್‌ಗೆ ವೈಫೈನ ಇನ್ನೊಂದು ಅಲೆ, 5 ಗಿಗಾಹರ್ಟ್ಸ್, ಕೇಳಿಸುವುದಿಲ್ಲ. ನಮ್ಮ ರೋಬೋಟ್‌ಗಳೂ ಅಲ್ಲಿಲ್ಲ, ಹಾಗಾಗಿ ಈ ವರ್ಷಕ್ಕೆ ಪರವಾಗಿಲ್ಲ. ಮುಂದಿನ ವಾರ ಫಾಂಟ್, ಮತ್ತೆ ತಪಾಸಣೆ ಮೇಜಿಗೆ ಇನ್ನೊಂದು ಪೆಟ್ಟಿಗೆ.